ಹಳೇ ತೋಟದಲ್ಲಿ ಸ್ಪೆಷಾಲ್ಟಿ ಕಾಫಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಎಂಟು ಎಕರೆ ಕಾಫಿ ತೋಟ. ಎತ್ತರ ಸುಮಾರು 1,000 ಮೀಟರ್. ಐದು ಎಕರೆ ಅರೇಬಿಕಾ ಇದೆ. ಅದರಲ್ಲಿ ಹೆಚ್ಚಿನದು ಹಳೇ ಎಸ್.795 ತಳಿ, ಒಂದು ತುಂಡು ಚಂದ್ರಗಿರಿ. ಉಳಿದ ಮೂರು ಎಕರೆ ಸಿ×ಆರ್ ರೊಬಸ್ಟಾ. ಅಪ್ಪ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಳಸಿಪ್ಪೆ ಸಮೇತ ಒಣಗಿಸಿದ್ದು), ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಎರಡೂ ಮಾಡಿ ಊರಿನ ವ್ಯಾಪಾರಿಗೆ ಕೊಡುತ್ತಾರೆ. ನಾನು ಬೆಂಗಳೂರಿನ ಕೆಲಸ ಬಿಟ್ಟು ವಾಪಸ್ ಬಂದಿದ್ದೇನೆ. ರುಚಿ ನೋಡಿ ಬೆಲೆ ಕಟ್ಟುವ ಸ್ಪೆಷಾಲ್ಟಿ ಕಾಫಿ ಮಾಡುವ ಆಸೆ ಇದೆ. ಅರೇಬಿಕಾ ಕಿತ್ತು ಗೀಶಾ ತಳಿ ಹಾಕಲಾ? ಪಕ್ಕದ ತೋಟದವರ ಹಾಗೆ ಡ್ರಮ್ ತಂದು ಅನೇರೋಬಿಕ್ (ಗಾಳಿ ಹೋಗದಂತೆ ಹುದುಗಿಸುವುದು) ಮಾಡಲಾ? ಇದರಲ್ಲಿ ನಿಜವಾಗಿ ದುಡ್ಡಿದೆಯಾ? ಅಪ್ಪ ಕೇಳುವುದು ಒಂದೇ ಮಾತು: “ಇಷ್ಟು ವರ್ಷ ನಾವು ಮಾಡಿದ್ದು ಕಾಫಿ ಅಲ್ವಾ?”

ಉತ್ತರ: ಗೀಶಾ ಮತ್ತು ಡ್ರಮ್ಮಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಹೊಸಬರ ದುಡ್ಡು ಹೋಗುವುದು ಅಲ್ಲೇ. ಎಸ್.795 ಕೀಳಬೇಡಿ. ಈ ವರ್ಷ ಡ್ರಮ್ಮನ್ನೂ ಕೊಳ್ಳಬೇಡಿ. ಆ ದುಡ್ಡಲ್ಲಿ ಒಂದು ತೇವಾಂಶದ ಮೀಟರ್ ತನ್ನಿ. ಕಾಫಿ ಒಣಗಿಸುವ ಮಂಚಗಳಿಗೆ ಬಲೆ ತನ್ನಿ. ಉಳಿದದ್ದನ್ನು ಹಣ್ಣು ಬಿಡಿಸುವವರ ಕೂಲಿಗೆ ಎತ್ತಿಡಿ. ನಿಮ್ಮ ತೋಟದಲ್ಲಿ ಒಳ್ಳೇ ಕಾಫಿ ಈಗಾಗಲೇ ಇರುವ ಸಾಧ್ಯತೆ ಜಾಸ್ತಿ. ಅದು ಸಾಧಾರಣ ಕಾಫಿಯ ಜೊತೆ ಬೆರೆತು ಒಂದೇ ಚೀಲದಲ್ಲಿ ಹೋಗುತ್ತಿದೆ. ಅದನ್ನು ಬೇರೆ ಮಾಡುವುದೇ ನಿಮ್ಮ ಮೊದಲ ವರ್ಷದ ಕೆಲಸ.

ಈಗ ಅಪ್ಪನ ಮಾತಿಗೆ ಬರೋಣ. ಅವರು ಮಾಡಿದ್ದು ಕಾಫಿಯೇ. ಬಾಬಾ ಬುಡನ್ ಮೋಕಾದಿಂದ ಏಳು ಬೀಜ ತಂದ ಕಥೆ ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಅದು 17ನೇ ಶತಮಾನದ ಮಾತು. ಅಷ್ಟು ಹಿಂದಿನಿಂದ ಬೆಳೆದ ನಾಡು ನಮ್ಮದು. ದೇಶದ ಕಾಫಿಯಲ್ಲಿ ನೂರಕ್ಕೆ 70 ಪಾಲು ಇವತ್ತಿಗೂ ಕರ್ನಾಟಕದ್ದೇ. ಹಾಗಿದ್ದೂ ನಮ್ಮ ತೋಟಗಳ ಹೆಸರು ಕುಡಿಯುವವರ ಕಾಫಿ ಕಪ್ಪಿನವರೆಗೆ ತಲುಪಲಿಲ್ಲ. ಯಾಕೆ?

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿತು. ಬೆಳೆಗಾರರನ್ನು ಉಳಿಸಬೇಕಿತ್ತು. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಪೂಲಿಂಗ್ ಗಟ್ಟಿಯಾಯಿತು. ಮನೆ ಖರ್ಚಿಗೆ ಒಂದಿಷ್ಟು ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. ಬೋರ್ಡ್ ಹರಾಜು ಹಾಕಿ ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. ಆ ವ್ಯವಸ್ಥೆ ಎಷ್ಟೋ ಸಣ್ಣ ಬೆಳೆಗಾರರನ್ನು ಕಾಪಾಡಿದೆ, ಅದನ್ನು ಮರೆಯಬಾರದು. ಆದರೆ ನಿಮ್ಮ ಗುಡ್ಡದ ಕಾಫಿ, ಪಕ್ಕದ ಹೋಬಳಿಯ ಕಾಫಿ ಎಲ್ಲ ಸೇರಿ ಒಂದೇ ಗ್ರೇಡ್ ಆಗುತ್ತಿತ್ತು. ಬೀಜದ ಗಾತ್ರ, ತೂಕ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ), ಕಪ್ಪು ಬೀಜ ಎಷ್ಟು, ಇಷ್ಟೇ ಲೆಕ್ಕ. 1992ರ ನಂತರ ಹಂತಹಂತವಾಗಿ ಸಡಿಲವಾಗಿ 1996ರಲ್ಲಿ ಪೂಲಿಂಗ್ ಪೂರ್ತಿ ಮುಗಿಯಿತು. ಅರ್ಧ ಶತಮಾನದಲ್ಲಿ ನಮ್ಮ ಹಿರಿಯರು ತೂಕದ ಕಾಫಿ ಮಾಡುವುದರಲ್ಲಿ ಪಳಗಿದರು. ತಮ್ಮ ಕಾಫಿಯ ರುಚಿ ನೋಡುವ ಅಗತ್ಯವೇ ಅವರಿಗೆ ಬರಲಿಲ್ಲ. ಎಷ್ಟೋ ಪ್ಲಾಂಟರ್ ಮನೆಗಳಲ್ಲಿ ಒಳ್ಳೆಯದೆಲ್ಲ ಮಾರಾಟಕ್ಕೆ, ಉದುರು ಹಣ್ಣಿನ ಪುಡಿಗೆ ಚಿಕೋರಿ ಸೇರಿಸಿ ಮನೆಗೆ. ಇದು ನಿಮ್ಮ ತಂದೆಯ ತಪ್ಪಲ್ಲ. ಅವರ ಕಾಲದಲ್ಲಿ ರುಚಿಗೆ ಬೆಲೆ ಕೊಡುವವರು ಇರಲಿಲ್ಲ.

ಸ್ಪೆಷಾಲ್ಟಿ ಅಂದರೆ ಏನು ಅಂತ ಎರಡೇ ಮಾತಿನಲ್ಲಿ ಹೇಳುತ್ತೇನೆ. ತರಬೇತಿ ಪಡೆದ ಕಪ್ಪರ್‌ಗಳು ರುಚಿ ನೋಡಿ ನೂರಕ್ಕೆ ಕನಿಷ್ಠ 80 ಅಂಕ ಕೊಡಬೇಕು. ಹುರಿಯದ ಬೀಜದ 350 ಗ್ರಾಂ ಸ್ಯಾಂಪಲ್ಲಿನಲ್ಲಿ ಪೂರ್ತಿ ಕಪ್ಪಾದದ್ದು, ಹುಳಿ ಹಿಡಿದದ್ದು, ಬೂಸ್ಟು ಬಂದದ್ದು ಒಂದೂ ಇರಬಾರದು. ಸಣ್ಣ ದೋಷಗಳು ಐದನ್ನು ಮೀರಬಾರದು. ಅಂಕದ ಪದ್ಧತಿ ಈಚೆಗೆ ಬದಲಾಗುತ್ತಿದೆ, ಆದರೆ ಮಾರುಕಟ್ಟೆಯಲ್ಲಿ ಈಗಲೂ 80ರ ಗೆರೆಯೇ ನಡೆಯುತ್ತಿದೆ. 

ತಳಿಯ ಬಗ್ಗೆ ಸ್ವಲ್ಪ ಹೇಳಬೇಕು. ಗೀಶಾ ಹೆಸರು ಮಾಡಿದ್ದು 2004ರಲ್ಲಿ, ಪನಾಮಾದ ಹರಾಜಿನಲ್ಲಿ ಪೌಂಡಿಗೆ 21 ಡಾಲರ್ ಬಂದಾಗ. ಅದರ ಹೂವಿನಂಥ ಘಮ ನಿಜ. ಆದರೆ ಅದು ಎತ್ತರದ, ತಂಪು ಜಾಗದ ಗಿಡ. ಇಳುವರಿ ಕಮ್ಮಿ. ನಿಮ್ಮ 1,000 ಮೀಟರ್‌ನಲ್ಲಿ ಅದು ಪನಾಮಾದ ರುಚಿ ಕೊಡುತ್ತದೆ ಅಂತ ನಾನು ಮಾತು ಕೊಡಲಾರೆ. ಬಿಳಿ ಕಾಂಡಕೊರಕಕ್ಕಂತೂ ಹೊಸ ಅರೇಬಿಕಾ, ಹಳೇ ಅರೇಬಿಕಾ ಅನ್ನುವ ಭೇದ ಇಲ್ಲ. ಗಿಡ ಕಿತ್ತು ಹೊಸದು ಹಾಕಿದರೆ ಒಂದು ಒಳ್ಳೇ ಫಸಲು ಕಾಣಲು ನಾಲ್ಕೈದು ವರ್ಷ ಬೇಕು. ಅಷ್ಟು ವರ್ಷ ತೋಟದ ಖರ್ಚು ಯಾರು ಕೊಡುತ್ತಾರೆ?

ನಿಮ್ಮ ಎಸ್.795 ನಿಮ್ಮ ಜಿಲ್ಲೆಯಲ್ಲೇ ಹುಟ್ಟಿದ ತಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಇಲ್ಲಿದ್ದ ‘ಚಿಕ್ಸ್’, ‘ಕೂರ್ಗ್’ ತಳಿಗಳನ್ನು ಎಲೆ ತುಕ್ಕು ಮತ್ತು ಕಾಂಡಕೊರಕ ತಿಂದುಹಾಕಿದ್ದವು. ರುಚಿಗೆ ಹೆಸರಾದ ಕೆಂಟ್ಸ್ ತಳಿಯನ್ನು ತುಕ್ಕು ತಡೆಯುವ ಎಸ್.288 ಜೊತೆ ಕೂಡಿಸಿ 1940ರ ದಶಕದಲ್ಲಿ ಎಸ್.795 ಬಿಡುಗಡೆ ಮಾಡಿದರು. ಅದು ಇಂಡೊನೇಷ್ಯಾಕ್ಕೂ ಹೋಯಿತು, ಅಲ್ಲಿ ಜೆಂಬರ್ ಅನ್ನುವ ಹೆಸರಲ್ಲಿ ಬೆಳೆಯುತ್ತಾರೆ. ಸುಲಾವೆಸಿಯ ಒಳ್ಳೇ ಕಾಫಿಗಳಲ್ಲಿ ನಮ್ಮ ಮಲೆನಾಡಿನ ಈ ಗಿಡದ ಪಾಲೂ ಇದೆ. ಚೆನ್ನಾಗಿ ಹಣ್ಣಾದ, ಶುದ್ಧವಾಗಿ ತೊಳೆದ ಎಸ್.795 ಕುಡಿದು ನೋಡಿ. ಮೈ ತುಂಬಿದ ಕಾಫಿ ಅದು. ಬೆಲ್ಲದ ಸಿಹಿ ಇರುತ್ತದೆ, ಹುಳಿ ನಾಲಿಗೆಯನ್ನು ಚುಚ್ಚುವುದಿಲ್ಲ. ಇಂಥ ಗಿಡ ಇಟ್ಟುಕೊಂಡು ಪರದೇಶದ ಗಿಡಕ್ಕೆ ಹಂಬಲಿಸುವುದು ನನಗೆ ನಿಜಕ್ಕೂ ಬೇಜಾರು ತರುತ್ತದೆ. ಸತ್ತ ಗಿಡದ ಜಾಗಕ್ಕೆ ಹೊಸದು ಹಾಕುವುದಿದ್ದರೆ ಒಂದು ಸಾಲು ಸೆಲೆಕ್ಷನ್ 9 ಹಾಕಿ. ಅದಕ್ಕೆ ಇಥಿಯೋಪಿಯಾದ ಟಫಾರಿಕೇಲಾ ತಳಿಯ ರಕ್ತ ಇದೆ. 2002ರ ಫೈನ್ ಕಪ್ ಸ್ಪರ್ಧೆಯಲ್ಲಿ ಗೆದ್ದ ತಳಿ.

2007ರಲ್ಲಿ ಬಂದ ಚಂದ್ರಗಿರಿಯನ್ನು ‘ಬರೀ ಇಳುವರಿಯ ಗಿಡ’ ಅಂತ ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಅದು ಹೊರಲಾರದಷ್ಟು ಕಾಯಿ ಹಿಡಿಯುತ್ತದೆ. ಗೊಬ್ಬರ ಸಾಲದಿದ್ದರೆ ಹಣ್ಣು ಕೆಂಪಾದರೂ ಬೀಜ ತುಂಬಿರುವುದಿಲ್ಲ. ಅದಕ್ಕೆ ಊಟ ಸರಿಯಾಗಿ ಕೊಡಿ. ಆದರೆ ಎಸ್.795 ಜೊತೆ ಬೆರೆಸಬೇಡಿ. ಎರಡನ್ನೂ ಬೇರೆ ಬೇರೆ ಲಾಟ್ ಮಾಡಿ, ಅಂದರೆ ಒಂದರ ಜೊತೆ ಇನ್ನೊಂದು ಸೇರದ ಹಾಗೆ ಬೇರೆ ಬೇರೆ ರಾಶಿ.

ನೆರಳಿನ ವಿಷಯದಲ್ಲಿ ನಮ್ಮ ಹಳೇ ಪದ್ಧತಿಯನ್ನು ನಾನು ಪೂರ್ತಿ ಮೆಚ್ಚುತ್ತೇನೆ. ಬ್ರೆಜಿಲ್‌ನ ಹೆಚ್ಚಿನ ತೋಟಗಳಲ್ಲಿ ಬಿಸಿಲಲ್ಲೇ ಕಾಫಿ ಬೆಳೆಯುತ್ತಾರೆ. ನಮ್ಮಲ್ಲಿ ಹಾಲುವಾಣ, ಅತ್ತಿ, ಹಲಸು, ನಂದಿ, ಬೀಟೆ ಎಲ್ಲ ಇರುವ ಎರಡು ಅಂತಸ್ತಿನ ನೆರಳು. ನೆರಳಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಕಾಂಡಕೊರಕದ ಹುಳಕ್ಕೆ ಬಿಸಿಲು ಬೀಳುವ ಕಾಂಡ ಇಷ್ಟ, ಅದಕ್ಕೂ ನೆರಳೇ ತಡೆ. ಮೆಣಸಿನ ಬಳ್ಳಿಗೆ ಅನುಕೂಲ ಅಂತ ಕಾಡು ಮರ ಕಡಿದು ಬರೀ ಸಿಲ್ವರ್ ಓಕ್ ಬೆಳೆಸಿದ ತೋಟಗಳನ್ನು ನೋಡಿದಾಗ ಸಂಕಟ ಆಗುತ್ತದೆ. ಮರಗಸಿ ಮಾಡಿ (ಕೊಂಬೆ ಸವರಿ), ಮರ ಕಡಿಯಬೇಡಿ. ಅಂದ ಹಾಗೆ, ಮರದ ಮೇಲೆ ಮೆಣಸಿದ್ದರೆ ಕಾಫಿಗೆ ಮೆಣಸಿನ ರುಚಿ ಬರುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆಯಬೇಡಿ. ಹಾಗೆ ಬೇರಿನಿಂದ ಬೇರಿಗೆ ರುಚಿ ದಾಟುವುದಿಲ್ಲ. ಗೋಡೌನಿನಲ್ಲಿ ಮೆಣಸಿನ ಚೀಲದ ಪಕ್ಕ ಕಾಫಿ ಇಟ್ಟರೆ ವಾಸನೆ ಹಿಡಿಯುತ್ತದೆ, ಅದು ಬೇರೆ ಮಾತು. ಅದು ದೋಷ.

ಈಗ ಮುಖ್ಯ ವಿಷಯ, ಕೊಯ್ಲು. ನನ್ನನ್ನು ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಇದೆ.

ನಿಮ್ಮ ಮನೆಯಲ್ಲಿ ಈಗ ಹೇಗೆ ಮಾಡುತ್ತೀರಿ ಅಂತ ಊಹಿಸಬಲ್ಲೆ. ಮೊದಲು ಬೇಗ ಹಣ್ಣಾದದ್ದಕ್ಕೆ ಒಂದು ಫ್ಲೈ ಪಿಕ್ಕಿಂಗ್. ಆಮೇಲೆ ಮೇನ್ ಕೊಯ್ಲು. ಕೊನೆಗೆ ಗಿಡ ಪೂರ್ತಿ ಖಾಲಿ ಮಾಡುವುದು, ನೆಲದ ಉದುರು ಆರಿಸುವುದು. ಮೇನ್ ಕೊಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ. ಹಾಗಿದ್ದಾಗ ಕೈ ಗೆಲ್ಲಿನ ಬುಡದಿಂದ ತುದಿಗೆ ಎಳೆದುಕೊಂಡು ಬರುತ್ತದೆ. ಅವರನ್ನು ಬೈದು ಪ್ರಯೋಜನ ಇಲ್ಲ, ತೂಕಕ್ಕೆ ದುಡ್ಡು ಕೊಡುತ್ತಿರುವವರು ನಾವೇ. ಅವರ ಚೀಲವನ್ನು ಒಂದು ಟಾರ್ಪಾಲಿನ ಮೇಲೆ ಸುರಿದು ಕೂತು ನೋಡಿ. ಪೂರ್ತಿ ಕೆಂಪು ಇರುತ್ತದೆ. ಒಂದು ಕೆನ್ನೆ ಮಾತ್ರ ಕೆಂಪಾಗಿ ತೊಟ್ಟಿನ ಹತ್ತಿರ ಹಸಿರು ಉಳಿದದ್ದು ಇರುತ್ತದೆ. ಹಳದಿ ತಿರುಗಿದ್ದು, ಪೂರ್ತಿ ಹಸಿರು, ಗಿಡದಲ್ಲೇ ಒಣಗಿ ಕಪ್ಪಾದದ್ದು, ಕಾಯಿಕೊರಕ ತೂತು ಮಾಡಿದ್ದು ಎಲ್ಲ ಸಿಗುತ್ತದೆ. ಈಗ ಒಂದೊಂದನ್ನೂ ಬೆರಳಲ್ಲಿ ಹಿಸುಕಿ. ಹಣ್ಣಾದದ್ದು ಬೀಜವನ್ನು ಪುಳಕ್ಕನೆ ಬಿಡುತ್ತದೆ, ಲೋಳೆ ಅಂಟು ಅಂಟಾಗಿ ಬರುತ್ತದೆ, ನೆಕ್ಕಿದರೆ ಸಿಹಿ. ಅರ್ಧ ಹಣ್ಣು ಬೀಜ ಬಿಡುವುದಕ್ಕೆ ಹಟ ಮಾಡುತ್ತದೆ, ಬಾಯಿಗೆ ಹುಲ್ಲಿನ ರುಚಿ. ಅದೇ ರುಚಿ ಕೊನೆಗೆ ಕಪ್ಪಿನಲ್ಲಿ ಬರುವುದು. ಇದನ್ನು ಕೊಯ್ಯುವವರನ್ನು ಕೂರಿಸಿಕೊಂಡೇ ಮಾಡಿ, ಅವರೇ ಹಿಸುಕಿ ನೆಕ್ಕಲಿ. ನೂರು ಸಲ ಹೇಳುವುದಕ್ಕಿಂತ ಅದು ಬೇಗ ಅರ್ಥ ಆಗುತ್ತದೆ.

ಹಣ್ಣಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಇದ್ದರೆ ಒಳ್ಳೆಯದು. ರಸದ ಸಿಹಿ 18ರಿಂದ 24ರ ನಡುವೆ ಬಂದರೆ ಕೊಯ್ಯಬಹುದು. ಆದರೆ ಮಳೆ ಬಂದ ಮಾರನೇ ದಿನ ಅದನ್ನು ನಂಬಬೇಡಿ, ಹಣ್ಣು ನೀರು ಕುಡಿದಿರುತ್ತದೆ.

ಸ್ಪೆಷಾಲ್ಟಿ ಲಾಟಿಗೆ ಕೊಯ್ಯುವ ದಿನ ಕೆಜಿ ಲೆಕ್ಕ ಬಿಡಿ. ದಿನಗೂಲಿ ಕೊಡಿ, ಇಲ್ಲ ಕೆಜಿ ದರವನ್ನು ಎರಡು ಪಟ್ಟು ಮಾಡಿ. ಪೂರ್ತಿ ತೋಟಕ್ಕೆ ಇದನ್ನು ಮಾಡಲು ಹೋಗಬೇಡಿ. ಅಸ್ಸಾಮಿನಿಂದ ಬರುವ ಕೊಯ್ಲಿನ ಗುಂಪುಗಳು ಸಿಗುವುದೇ ಕಷ್ಟ ಇರುವಾಗ ಐದು ಎಕರೆಯನ್ನೂ ನಾಲ್ಕು ಸುತ್ತು ಆಯ್ದು ಕೊಯ್ಯಲು ಆಗುವುದಿಲ್ಲ. ನಿಮ್ಮ ಎಸ್.795ನಲ್ಲಿ ಎತ್ತರದ, ಚೆನ್ನಾಗಿ ನೆರಳಿರುವ ಒಂದು ತುಂಡು ಗುರುತು ಮಾಡಿ. ಅಲ್ಲಿಂದ ಡಿಸೆಂಬರ್ ನಡುವಿನ ಕೊಯ್ಲಿನಲ್ಲಿ ಮೂರು ನಾಲ್ಕು ದಿನ, ದಿನಕ್ಕೆ ಮುನ್ನೂರು ನಾನೂರು ಕೆಜಿ ಆಯ್ದ ಹಣ್ಣು ಸಾಕು. ಒಟ್ಟು 1,200 ಕೆಜಿ ಅಂದುಕೊಳ್ಳಿ. ಆರು ಕೆಜಿ ಹಣ್ಣಿಗೆ ಸುಮಾರು ಒಂದು ಕೆಜಿ ಒಣಗಿಸಿ ಸಿಪ್ಪೆ ತೆಗೆದ ಬೀಜ, ಅಂದರೆ 200 ಕೆಜಿ ಕ್ಲೀನ್ ಕಾಫಿ. ಉಳಿದ ತೋಟ ಎಂದಿನಂತೆ ನಡೆಯಲಿ. ಅಪ್ಪನ ವ್ಯಾಪಾರಿ, ಅಪ್ಪನ ಲೆಕ್ಕ ಯಾವುದನ್ನೂ ಮುಟ್ಟಬೇಡಿ.

ಕೊಯ್ದ ಹಣ್ಣನ್ನು ಚೀಲದಲ್ಲಿ ರಾತ್ರಿ ಬಿಡಬಾರದು. ಕೈ ಹಾಕಿದರೆ ಚೀಲದ ಒಳಗೆ ಬಿಸಿ ತಗಲುತ್ತದೆ, ಅದಾಗಲೇ ಕೊಳೆಯಲು ಶುರುವಾಗಿರುತ್ತದೆ. ಸಂಜೆಯೇ ನೀರಿಗೆ ಹಾಕಿ ತೇಲಿದ್ದನ್ನೆಲ್ಲ ತೆಗೆದು ಪಲ್ಪ್ ಮಾಡಿ (ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ). ಅದಕ್ಕೂ ಮುಂಚೆ ಪಲ್ಪರ್ ಸೆಟ್ ಮಾಡಿ ನೋಡಿ. ಒಂದು ಬುಟ್ಟಿ ಹಣ್ಣು ಬಿಟ್ಟು, ಹೊರಬಂದ ಬೀಜ ಅಂಗೈ ಮೇಲೆ ಹರಡಿ. ಕಡಿತ ಬಿದ್ದಿದೆಯಾ? ಸಿಪ್ಪೆಯ ಕಡೆ ಬೀಜ ಹೋಗುತ್ತಿದೆಯಾ? ಎಸ್.795ಗೆ ಸರಿ ಹೋದ ಸೆಟ್ಟಿಂಗ್ ಚಂದ್ರಗಿರಿಗೆ ಸರಿ ಹೋಗದೆ ಇರಬಹುದು. ಕಡಿತ ಬಿದ್ದ ಬೀಜ ಹುದುಗುವಾಗ ಹುಳಿ ಹಿಡಿಯುತ್ತದೆ. ಬೇರೆ ಎಲ್ಲ ಸರಿಯಾಗಿ ಮಾಡಿ ಇಲ್ಲಿ ಸೋತ ಲಾಟ್‌ಗಳು ಎಷ್ಟೋ ಇವೆ.

ಹುದುಗಿಸುವುದು ನಿಮ್ಮ ತಂದೆಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ತೊಟ್ಟಿಯನ್ನು ತಿಕ್ಕಿ ತೊಳೆದಿರಬೇಕು, ನಿನ್ನೆಯ ಒಂದು ಬೀಜವೂ ಮೂಲೆಯಲ್ಲಿ ಇರಬಾರದು. ಮೂಡಿಗೆರೆಯ ಡಿಸೆಂಬರ್ ಚಳಿಯಲ್ಲಿ ಅರೇಬಿಕಾಕ್ಕೆ 24ರಿಂದ 36 ಗಂಟೆ ಹಿಡಿಯುತ್ತದೆ. ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ. ಹಿಡಿ ತುಂಬ ಬೀಜ ತೊಳೆದು ಉಜ್ಜಿ. ಜಾರಿದರೆ ಲೋಳೆ ಇನ್ನೂ ಇದೆ. ಸಣ್ಣ ಜಲ್ಲಿ ಉಜ್ಜಿದ ಹಾಗೆ ಗರಗರ ಅಂದರೆ ಆಯಿತು. ರಾಶಿಗೆ ಕೋಲು ಚುಚ್ಚಿ ತೆಗೆದಾಗ ತೂತು ಹಾಗೇ ನಿಂತರೆ ಅದೂ ಗುರುತೇ. ಆ ಹೊತ್ತಿಗೆ ತೊಳೆಯಲೇಬೇಕು, ರಾತ್ರಿ ಎರಡು ಗಂಟೆಯಾದರೂ ಸರಿ. “ಬೆಳಗ್ಗೆ ನೋಡೋಣ” ಅಂದರೆ ಕಪ್ಪಿನಲ್ಲಿ ಈರುಳ್ಳಿ ವಾಸನೆ ಬರುತ್ತದೆ. ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಅದು ಮೀನು ಸಾಯಿಸುವ ನೀರು. ಗುಂಡಿ ತೋಡಿ ಸುಣ್ಣ ಹಾಕಿ ನಿಲ್ಲಿಸಿ.

ಒಣಗಿಸುವ ಕಣದ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಸಗಣಿ ಸಾರಿಸಿದ ಕಣ ನಮ್ಮ ಮನೆಗಳ ಹೆಮ್ಮೆ, ಆದರೆ ಹಸಿ ಪಾರ್ಚ್‌ಮೆಂಟ್ ಮಣ್ಣಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಸಿಮೆಂಟ್ ಕಣ ಮಧ್ಯಾಹ್ನ ಸುಡುತ್ತದೆ. ಅಡಿಕೆ ದಬ್ಬೆಯಿಂದ ಸೊಂಟದೆತ್ತರಕ್ಕೆ ಮಂಚ ಕಟ್ಟಿ ಮೇಲೆ ಬಲೆ ಎಳೆಯಿರಿ. ಕೆಳಗಿನಿಂದಲೂ ಗಾಳಿ ಆಡುತ್ತದೆ. ಮೊದಲ ದಿನ ಒಂದೇ ಅಂಗುಲ ದಪ್ಪ ಹರಡಿ ನೀರು ಆರಿಸಿ. ಗಂಟೆಗೊಮ್ಮೆ ಕೈಯಾಡಿಸಿ. ಆಗಲೇ ಕಡಿತ ಬಿದ್ದದ್ದು, ಬಣ್ಣಗೆಟ್ಟದ್ದು ಆರಿಸಿ ತೆಗೆಯಿರಿ, ಹಸಿಯಲ್ಲಿ ಅವು ಎದ್ದು ಕಾಣುತ್ತವೆ. ನಡು ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಹಾಕಿ, ಇಲ್ಲದಿದ್ದರೆ ಸಿಪ್ಪೆ ಬಿರಿಯುತ್ತದೆ. ಸಂಜೆ ಮಂಜು ಬೀಳುವ ಮುಂಚೆ ಮುಚ್ಚಿ. ಹತ್ತು ಹನ್ನೆರಡು ದಿನದಲ್ಲಿ ತೇವಾಂಶದ ಮೀಟರ್ ನೂರಕ್ಕೆ 11ರ ಆಸುಪಾಸಿಗೆ ಬರಬೇಕು. ನಾಲ್ಕೇ ದಿನದಲ್ಲಿ ಒಣಗಿದರೆ ಸಂತೋಷ ಪಡಬೇಡಿ, ಅಂಥ ಕಾಫಿ ಮೂರು ತಿಂಗಳಿಗೆ ಸಪ್ಪೆಯಾಗುತ್ತದೆ. ಈಚೆಗೆ ಡಿಸೆಂಬರಿನಲ್ಲೂ ಮಳೆ ಬರುತ್ತಿದೆ ಅಲ್ವಾ? ಅದಕ್ಕೆ ಒಂದೆರಡು ಮಂಚಕ್ಕಾದರೂ ಪಾಲಿಥೀನ್ ಮಾಡು ಬೇಕೇ ಬೇಕು. ಮಳೆ ಬಂದ ಮೇಲೆ ಟಾರ್ಪಾಲ್ ಹುಡುಕುವುದಲ್ಲ.

ಇಷ್ಟೆಲ್ಲ ಓದಿದ ಮೇಲೆ ಅನೇರೋಬಿಕ್ ಯಾಕೆ ಬೇಡ ಅಂದೆ ಅಂತ ಗೊತ್ತಾಗಿರುತ್ತದೆ. ಗಾಳಿ ಹೋಗದ ಡ್ರಮ್ಮಿನಲ್ಲಿ ಹುದುಗಿಸಿದರೆ ಹಣ್ಣಿನ, ವೈನಿನ ಘಮ ಬರುತ್ತದೆ. ಚೆನ್ನಾಗಿ ಮಾಡಿದವರ ಕಾಫಿ ಚೆನ್ನಾಗಿಯೇ ಇರುತ್ತದೆ. ಆದರೆ ಅದಕ್ಕೆ ಒಂದೇ ಹದದ ಹಣ್ಣು ಬೇಕು, ಡ್ರಮ್ಮಿನ ಒಳಗಿನ ಉಷ್ಣತೆ ಕೈಯಲ್ಲಿರಬೇಕು. ಬಿಸಿಲಲ್ಲಿಟ್ಟ ಡ್ರಮ್ಮಿನಲ್ಲಿ ವಿನೆಗರ್ ಆಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಡ್ರಮ್ಮಿನ ಘಮ ಜೋರಾಗಿರುವುದರಿಂದ ನಿಮ್ಮ ತೋಟದ ರುಚಿ ಏನು ಅಂತ ನಿಮಗೇ ಗೊತ್ತಾಗುವುದಿಲ್ಲ. ತೊಳೆದ ಕಾಫಿ ಒಂದೆರಡು ವರ್ಷ ಶುದ್ಧವಾಗಿ ಬಂದ ಮೇಲೆ ಪ್ರಯೋಗ ಮಾಡಿ.

ಒಣಗಿದ ಪಾರ್ಚ್‌ಮೆಂಟನ್ನು ಗಾಳಿಯಾಡದ ಒಳಚೀಲಕ್ಕೆ ತುಂಬಿ, ಮೇಲೆ ಗೋಣಿ. ಗೊಬ್ಬರ, ಡೀಸೆಲ್, ಅಡಿಕೆ ಯಾವುದೂ ಹತ್ತಿರ ಇರಬಾರದು. ತಿಂಗಳು ಒಂದೂವರೆ ತಿಂಗಳು ಸಿಪ್ಪೆಯಲ್ಲೇ ಮಲಗಲಿ, ರುಚಿ ಹದಕ್ಕೆ ಬರುತ್ತದೆ. ಆದರೆ ಮಳೆಗಾಲಕ್ಕೆ ಮಲೆನಾಡಿನಲ್ಲಿ ಇಡಬೇಡಿ. ಜೂನ್ ಗಾಳಿಯಲ್ಲಿ ಬೀಜ ತೇವ ಹೀರಿ ಬಿಳಿಚಿಕೊಳ್ಳುತ್ತದೆ. ಕರಾವಳಿಯಲ್ಲಿ ಬೇಕೆಂದೇ ಹಾಗೆ ಮಾಡುವ ಮಾನ್ಸೂನ್ಡ್ ಮಲಬಾರ್ ಬೇರೆಯೇ ಕಸುಬು. ಹಲ್ಲಿಂಗಿಗೆ, ಅಂದರೆ ಪಾರ್ಚ್‌ಮೆಂಟಿನ ಸಿಪ್ಪೆ ತೆಗೆಸಲು, ದೊಡ್ಡ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾಲ್ಕು ಚೀಲ ಬೇರೆಯಾಗಿ ಮಾಡಿಕೊಡುವುದಿಲ್ಲ ಅನ್ನಬಹುದು. ಕೊಯ್ಲಿಗೆ ಮುಂಚೆಯೇ ಸಣ್ಣ ಲಾಟ್ ಮಾಡುವವರನ್ನು ಮಾತಾಡಿಸಿ ಇಟ್ಟುಕೊಳ್ಳಿ.

ರುಚಿ ನೋಡುವುದನ್ನು ಬೇರೆಯವರಿಗೆ ಬಿಡಬೇಡಿ. ಬೇಕಾಗಿರುವುದು ಒಂದು ತಕ್ಕಡಿ, ಒಂದು ಗ್ರೈಂಡರ್, ಒಂದೇ ಅಳತೆಯ ಲೋಟಗಳು. ಹದವಾಗಿ, ಕಪ್ಪಾಗದಂತೆ ಹುರಿದ ಬೀಜ 8.25 ಗ್ರಾಂ, ಕುದಿ ಇಳಿದ ನೀರು 150 ಮಿಲಿ. ನಾಲ್ಕು ನಿಮಿಷಕ್ಕೆ ಮೇಲಿನ ಪದರ ಚಮಚದಲ್ಲಿ ಒಡೆದು ಮೂಸಿ. ಸ್ವಲ್ಪ ಆರಿದ ಮೇಲೆ ಸುರ್ ಅಂತ ಎಳೆದು ಕುಡಿಯಿರಿ. ಆಯ್ದು ಕೊಯ್ದ ಲಾಟ್ ಪಕ್ಕದಲ್ಲಿ ನಿಮ್ಮದೇ ಮಾಮೂಲಿ ಪಾರ್ಚ್‌ಮೆಂಟ್ ಇಡಿ. ಯಾವುದು ಯಾವುದು ಅಂತ ಹೇಳದೆ ಅಪ್ಪನಿಗೆ ಕುಡಿಸಿ. ಆರಿದಷ್ಟೂ ಒಂದು ಸಿಹಿಯಾಗುತ್ತಾ ಹೋಗುತ್ತದೆ, ಇನ್ನೊಂದು ಒರಟಾಗುತ್ತದೆ. ನಿಮ್ಮ ಮನೆಯ ವಾದ ಅಲ್ಲೇ ತೀರಬಹುದು. ಆಮೇಲೆ ಬೆಂಗಳೂರಿನ ಕಾಫಿ ಬೋರ್ಡಿನ ಗುಣಮಟ್ಟ ವಿಭಾಗಕ್ಕೆ ಸ್ಯಾಂಪಲ್ ಕೊಟ್ಟು ಅಭಿಪ್ರಾಯ ಪಡೆಯಿರಿ.

ದುಡ್ಡಿನ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ನಿಮ್ಮ ಊರಿನ ದರ ಹಾಕಿ ನೀವೇ ತಿದ್ದಿಕೊಳ್ಳಿ. 50 ಕೆಜಿ ಪಾರ್ಚ್‌ಮೆಂಟ್ ಚೀಲಕ್ಕೆ 20,000 ರೂಪಾಯಿ, ಔಟ್‌ಟರ್ನ್ 40 ಕೆಜಿ ಅಂದುಕೊಳ್ಳೋಣ. ಕ್ಲೀನ್ ಕಾಫಿ ಕೆಜಿಗೆ 500 ರೂಪಾಯಿ ಆಯಿತು. ಕೊಯ್ಲಿನ ಕೂಲಿ ಕೆಜಿಗೆ 5 ಇದ್ದದ್ದು 10 ಆದರೆ, ಆರು ಕೆಜಿ ಹಣ್ಣಿಗೆ ಹೆಚ್ಚುವರಿ 30. ಮಂಚದ ಮೇಲೆ ಕೈಯಾಡಿಸುವುದು, ಆರಿಸುವುದು ಎಲ್ಲ ಸೇರಿ 35. ಚೀಲ, ಬೇರೆ ಹಲ್ಲಿಂಗ್, ಸ್ಯಾಂಪಲ್, ಸಾಗಣೆಗೆ 25. ಒಟ್ಟು 90. ಕಾಫಿ ಹುರಿದು ಮಾರುವ ರೋಸ್ಟರ್ 650 ಕೊಟ್ಟರು ಅಂದರೆ ಉಳಿಯುವುದು ಕೆಜಿಗೆ 60. 200 ಕೆಜಿಗೆ 12,000 ರೂಪಾಯಿ. ಅಷ್ಟೇ. ಮಂಚ, ಮೀಟರಿನ ಖರ್ಚು ಇದರಲ್ಲಿ ಸೇರಿಲ್ಲ. ವ್ಯಾಪಾರಿ ಬೇಗ ದುಡ್ಡು ಕೊಡುತ್ತಾರೆ, ರೋಸ್ಟರ್ ದುಡ್ಡು ತಿಂಗಳುಗಟ್ಟಲೆ ತಡವಾಗಬಹುದು.

ಹಾಗಾದರೆ ಯಾಕೆ ಮಾಡಬೇಕು? 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಅಂಥ ವರ್ಷ ಮಾಮೂಲಿ ಕಾಫಿಗೇ ಒಳ್ಳೇ ದರ, ಸ್ಪೆಷಾಲ್ಟಿಯ ಹೆಚ್ಚಳ ಚಿಕ್ಕದಾಗಿ ಕಾಣುತ್ತದೆ. ಆದರೆ ಆ ದರ ಹಾಗೇ ನಿಲ್ಲುವುದಿಲ್ಲ. 2000ದ ಸುಮಾರಿಗೆ ದರ ಬಿದ್ದಾಗ ಸಾಲದಲ್ಲಿ ಮುಳುಗಿದ ತೋಟಗಳು ನಿಮ್ಮ ತಂದೆಗೆ ನೆನಪಿರುತ್ತವೆ. ದರ ಕುಸಿದಾಗಲೂ ನಿಮ್ಮ ಕಾಫಿಯನ್ನು ಹೆಸರು ಹಿಡಿದು ಕೇಳುವ ನಾಲ್ಕು ಜನ ಖರೀದಿದಾರರು ಇರಬೇಕು. ಅಂಥವರನ್ನು ಸಂಪಾದಿಸಲು ದರ ಚೆನ್ನಾಗಿರುವ ವರ್ಷವೇ ಸರಿ, ಕೈಯಲ್ಲಿ ಸ್ವಲ್ಪ ದುಡ್ಡಿರುತ್ತದೆ. ಲಾಟ್ 80 ಮುಟ್ಟದಿದ್ದರೂ ಅದು ಒಳ್ಳೇ ಪಾರ್ಚ್‌ಮೆಂಟ್ ಆಗಿ ಮಾಮೂಲಿ ದರಕ್ಕೆ ಹೋಗುತ್ತದೆ. ಕಳೆದುಕೊಳ್ಳುವುದು ಆ 90 ರೂಪಾಯಿ ಮಾತ್ರ.

ನಿಮ್ಮ ಪ್ರಶ್ನೆಯಲ್ಲಿ ರೊಬಸ್ಟಾ ಬಗ್ಗೆ ಒಂದು ಸಾಲೂ ಇಲ್ಲ. ಅದೇ ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು. ದೇಶದ ಬೆಳೆಯಲ್ಲಿ ಮುಕ್ಕಾಲಿಗೆ ಹತ್ತಿರ ರೊಬಸ್ಟಾ. ರೊಬಸ್ಟಾವನ್ನು ತೊಳೆದು ಪಾರ್ಚ್‌ಮೆಂಟ್ ಮಾಡುವುದರಲ್ಲಿ ನಮ್ಮ ನಾಡಿಗೆ ಹೊರಗೆ ಒಳ್ಳೇ ಹೆಸರಿದೆ, ಇಟಲಿಯ ಎಸ್ಪ್ರೆಸೊ ಮಾಡುವವರು ಹಿಂದಿನಿಂದ ಕೊಳ್ಳುತ್ತಾ ಬಂದಿದ್ದಾರೆ. ರೊಬಸ್ಟಾಕ್ಕೂ ಈಗ ಬೇರೆ ಅಂಕಪಟ್ಟಿ ಇದೆ, 80 ದಾಟಿದರೆ ‘ಫೈನ್ ರೊಬಸ್ಟಾ’. ನಿಮ್ಮ ಸಿ×ಆರ್ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಾಂಜೆನ್ಸಿಸ್ ಅನ್ನುವ ಇನ್ನೊಂದು ಕಾಫಿ ಜೊತೆಗಿನ ಮಿಶ್ರತಳಿ ಆದ್ದರಿಂದ ಬೀಜ ದಪ್ಪ, ರುಚಿ ಮೆದು. ಅರೇಬಿಕಾ ಒಣಗಿಸುವಾಗ ಮೋಡ, ಮಂಜು, ಅಕಾಲ ಮಳೆಯ ಕಾಟ. ರೊಬಸ್ಟಾ ಹಣ್ಣಾಗುವುದು ಜನವರಿ, ಫೆಬ್ರುವರಿಗೆ. ಆಗ ಬಿಸಿಲು ಖಚಿತ, ಅರೇಬಿಕಾದ ಮಂಚಗಳೂ ಖಾಲಿ ಇರುತ್ತವೆ. ಲೋಳೆ ಮಾತ್ರ ಗಟ್ಟಿ, ಹುದುಗಲು ಮೂರು ದಿನದವರೆಗೂ ಹೋಗಬಹುದು, ನಡುವೆ ನೀರು ಬದಲಿಸಿ. ಮೊದಲ ವರ್ಷ 600 ಕೆಜಿ ಹಣ್ಣಿನ ಒಂದು ಲಾಟ್ ಮಾಡಿ. ಫಿಲ್ಟರ್ ಕಾಫಿಗೆ ಮೈ ಕೊಡುವುದು ರೊಬಸ್ಟಾ. ಚಿಕೋರಿ ಇಲ್ಲದ, ಶುದ್ಧ ರೊಬಸ್ಟಾ ಬೆರೆತ ಪುಡಿ ಕೇಳುವ ಮನೆಗಳು ಬೆಂಗಳೂರು, ಮೈಸೂರಲ್ಲಿ ಇವೆ. ಬಿಸಿನೀರು ಸುರಿದು ಸೋಸುವ ಪೋರ್ ಓವರ್ ಕಾಫಿ ಕುಡಿಯುವವರು ಮಾತ್ರ ಗ್ರಾಹಕರು ಅಂದುಕೊಳ್ಳಬೇಡಿ. ಡಿಕಾಕ್ಷನ್ ಕುಡಿಯುವವರ ನಾಲಿಗೆಯೂ ಒಳ್ಳೆಯದನ್ನು ಗುರುತು ಹಿಡಿಯುತ್ತದೆ.

ಸ್ಯಾಂಪಲ್ ಕಳಿಸುವಾಗ ಲಾಟಿನ ಎಲ್ಲ ಚೀಲದಿಂದಲೂ ಹಿಡಿ ಹಿಡಿ ತೆಗೆದು ಬೆರೆಸಿ 350 ಗ್ರಾಂ ಮಾಡಿ. ಚೆಂದದ ಬೀಜ ಮಾತ್ರ ಆರಿಸಿ ಕಳಿಸಬೇಡಿ. ಚೀಲ ತಲುಪಿದ ದಿನ ಅದು ಗೊತ್ತಾಗುತ್ತದೆ, ಆ ರೋಸ್ಟರ್ ಮತ್ತೆ ನಿಮ್ಮ ಫೋನ್ ಎತ್ತುವುದಿಲ್ಲ. ಜೊತೆಗೆ ಒಂದು ಚೀಟಿ ಇರಲಿ. ತಳಿ, ತೋಟದ ಯಾವ ತುಂಡು, ಕೊಯ್ದ ತಾರೀಖು, ಎಷ್ಟು ಗಂಟೆ ಹುದುಗಿಸಿದ್ದು, ಎಷ್ಟು ದಿನ ಒಣಗಿಸಿದ್ದು, ತೇವಾಂಶ ಎಷ್ಟು, ಎಷ್ಟು ಕೆಜಿ ಇದೆ, ಇಷ್ಟು ಬರೆದರೆ ಸಾಕು. ಮೂರು ನಾಲ್ಕು ಜನಕ್ಕೆ ಕಳಿಸಿ. ಬೇಡ ಅಂದವರಿಗೆ ಯಾಕೆ ಬೇಡ ಅಂತ ಕೇಳಿ, ಹೆಚ್ಚಿನವರು ಹೇಳುತ್ತಾರೆ. ಬೇಕು ಅಂದವರ ಹತ್ತಿರ ದರ, ತೂಕ, ದುಡ್ಡು ಕೊಡುವ ದಿನ ಮೂರನ್ನೂ ಬರವಣಿಗೆಯಲ್ಲಿ ಪಡೆದು, ಅರ್ಧ ಮುಂಗಡ ಬಂದ ಮೇಲೆ ಚೀಲ ಲಾರಿಗೆ ಹಾಕಿ.